ಎಂ.ಬಿ.ಯಲ್ಲಿ ರಸ್ತೆ ಚೆನ್ನಾಗಿದೆ

ನೀರು ತಗ್ಗಿಗೆ ಹರಿಯುತ್ತದೆ ಅಂತ ಡಿಪ್ಲೊಮಾದಲ್ಲಿ ಆರು ಸೆಮಿಸ್ಟರ್, ಬಿ.ಇ.ಯಲ್ಲಿ ಎಂಟು ಸೆಮಿಸ್ಟರ್ ಕಲಿಸುತ್ತಾರೆ. ಪಾಲಿಕೆ ಸೇರಿದ ಮೇಲೆ ಅದನ್ನು ಮರೆಯಲು ಒಂದೇ ಮಳೆಗಾಲ ಸಾಕು. ಇಲ್ಲದಿದ್ದರೆ, ರಸ್ತೆಗಿಂತ ನಾಲ್ಕಿಂಚು ಮೇಲೆ ಬಾಯಿ ತೆರೆದು ಕೂತು, ಮಳೆನೀರು ತಾನಾಗಿ ಹತ್ತಿ ಬರಲಿ ಅಂತ ಕಾಯುವ ಮೋರಿಗಳು ಬೆಂಗಳೂರಿನಲ್ಲಿ ಹುಟ್ಟುತ್ತಿದ್ದವೇ?

ಏಳು ಮೀಟರ್ ಅಗಲದ ಡಾಂಬರು ರಸ್ತೆಗೆ ನಡುವಿನಿಂದ ಅಂಚಿಗೆ ಶೇ 2ರಿಂದ 2.5 ಇಳಿಜಾರು ಬೇಕು. ಅಂದರೆ ನಡುಭಾಗ ಏಳೆಂಟು ಸೆಂಟಿಮೀಟರ್ ಎತ್ತರ ಇರಬೇಕು. ನಮ್ಮಲ್ಲಿ ಹಳೆಯ ಪದರ ಕೆರೆಯದೆ ಅದರ ಮೇಲೇ ಹೊಸದನ್ನು ಹೊದಿಸಿ ಹೊದಿಸಿ, ಮನೆಗಳ ಹೊಸಿಲು ತಗ್ಗಾಗಿ, ಮ್ಯಾನ್‌ಹೋಲ್ ಮುಚ್ಚಳಗಳು ಬಾವಿಯ ತಳ ಸೇರಿವೆ.

ಇನ್ನು ಗುಂಡಿ ಮುಚ್ಚುವ ವಿಧಾನ. ಗಟ್ಟಿ ಡಾಂಬರು ಸಿಗುವವರೆಗೆ ಚೌಕಾಕಾರವಾಗಿ ಕತ್ತರಿಸಿ, ಅಂಚು ನೆಟ್ಟಗೆ ನಿಲ್ಲಿಸಿ, ಧೂಳು ತೇವ ತೆಗೆದು, ಹಳೆಯದಕ್ಕೆ ಹೊಸದು ಅಂಟಲು ತೆಳು ಡಾಂಬರು (ಟ್ಯಾಕ್ ಕೋಟ್) ಬಳಿದು, ಪದರ ಪದರವಾಗಿ ಬಿಸಿ ಡಾಂಬರು-ಜಲ್ಲಿ ಮಿಶ್ರಣ (ಹಾಟ್ ಮಿಕ್ಸ್) ತುಂಬಿ ರೋಲರ್ ಓಡಿಸಬೇಕು. ಇದು ಪರೀಕ್ಷೆಗೆ ಬರೆಯುವ ಉತ್ತರ. ಸೈಟಿನ ಉತ್ತರ ಬೇರೆ: ನಿಂತ ನೀರಿನ ಮೇಲೆ ಎರಡು ಬಾಂಡ್ಲಿ ಮಿಕ್ಸ್ ಸುರಿದು ಸಲಿಕೆಯ ಬೆನ್ನಿನಿಂದ ತಟ್ಟುವುದು. ಉಳಿದ ರೋಲಿಂಗ್ ಸಿಟಿ ಬಸ್ಸಿನ ಜವಾಬ್ದಾರಿ.

ಪ್ಲಾಂಟ್ ಬಿಡುವಾಗ ಮಿಕ್ಸ್ 150 ಡಿಗ್ರಿ ಆಸುಪಾಸು ಇರುತ್ತದೆ. 90ಕ್ಕೆ ಇಳಿಯುವ ಮೊದಲೇ ರೋಲಿಂಗ್ ಮುಗಿಯಬೇಕು. ಟಾರ್ಪಾಲಿನ್ ಇಲ್ಲದ ಟಿಪ್ಪರ್ ಸಿಲ್ಕ್ ಬೋರ್ಡ್ ದಾಟುವ ಹೊತ್ತಿಗೆ ಮಿಕ್ಸ್ ತಣ್ಣಗಾಗಿರುತ್ತದೆ. ಆರಿದ ಮಿಕ್ಸ್ ಒತ್ತಿದರೂ ಒತ್ತಿಕೊಳ್ಳದು, ಒಳಗೆ ಗಾಳಿ ಉಳಿಯುತ್ತದೆ, ಅಲ್ಲಿಗೆ ನೀರು ನುಗ್ಗಿ ಜಲ್ಲಿಯಿಂದ ಡಾಂಬರು ಕಳಚುತ್ತದೆ. ಥರ್ಮಾಮೀಟರ್ ಚುಚ್ಚಿ ಲೋಡ್ ವಾಪಸ್ ಕಳಿಸುವ ಅಧಿಕಾರ ಸಹಾಯಕ ಎಂಜಿನಿಯರ್‌ಗೆ (ಎಇ) ಇದೆ. ಥರ್ಮಾಮೀಟರ್? ಸ್ಟೋರ್‌ನಲ್ಲಿ, ಡಬ್ಬದಲ್ಲಿ, ಕ್ಷೇಮ.

ಆದರೆ ಎಂಜಿನಿಯರ್‌ಗೆ ಕೆಲಸ ಬರುವುದಿಲ್ಲ ಅನ್ನುವವರು ಎಂ.ಬಿ. ನೋಡಿಲ್ಲ. ಎಂ.ಬಿ. ಅಂದರೆ ಮೆಷರ್‌ಮೆಂಟ್ ಬುಕ್; ಆದ ಕೆಲಸದ ಅಳತೆ ಬರೆದು ಬಿಲ್ ಮಾಡುವ ಈ ಅಳತೆ ಪುಸ್ತಕ ನಿಜಕ್ಕೂ ಶಿಸ್ತಿನದು. ಪುಟಕ್ಕೆಲ್ಲ ಅಚ್ಚಿನ ಸಂಖ್ಯೆ, ಅಳಿಸುವಂತಿಲ್ಲ, ತಪ್ಪಾದರೆ ಗೆರೆ ಎಳೆದು ಸಹಿ. ನೂರು ಮೀಟರ್ ಉದ್ದ, ಏಳು ಮೀಟರ್ ಅಗಲ, 40 ಮಿ.ಮೀ. ದಪ್ಪ: 28 ಘನ ಮೀಟರ್. ಎಇ ಬರೆದ, ಅವನ ಮೇಲಿನ ಎಇಇ (ಸಹಾಯಕ ಕಾರ್ಯಪಾಲಕ ಎಂಜಿನಿಯರ್) ತಪಾಸಣೆ ಮಾಡಿದ, ಬಿಲ್ ಹೊರಟಿತು. ರಸ್ತೆಯಲ್ಲಿ ಬಿದ್ದದ್ದು 30 ಮಿ.ಮೀ. ಆಗಿದ್ದರೆ ಏಳು ಘನ ಮೀಟರ್, ಸುಮಾರು 16 ಟನ್, ಒಂದು ದೊಡ್ಡ ಟಿಪ್ಪರ್ ತುಂಬ ಡಾಂಬರು ಪುಸ್ತಕದಲ್ಲೇ ಉಳಿಯಿತು. ಎಷ್ಟೇ ಮಳೆ ಬಂದರೂ ಅದು ಕಿತ್ತುಹೋಗುವುದಿಲ್ಲ. ಕೋರ್ ಕಟ್ಟರ್‌ನಿಂದ ಕೊರೆದು ತೆಗೆದರೆ ದಪ್ಪ ಗೊತ್ತಾಗುತ್ತದೆ, ನಿಜ. ಎಲ್ಲಿ ಕೊರೆಯಬೇಕು ಅಂತ ಗುತ್ತಿಗೆದಾರನೇ ತೋರಿಸುತ್ತಾನಲ್ಲ, ಪಾಪ, ಶ್ರಮ ಉಳಿಯಲಿ ಅಂತ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಒಂದು ಪಾಲಿಕೆ ಐದಾಯಿತು. ಎರಡು ಪಾಲಿಕೆಗಳ ಗಡಿಯ ಮೇಲಿನ ಗುಂಡಿಗೆ ಈಗ ಇಬ್ಬರು ಕಾರ್ಯಪಾಲಕ ಎಂಜಿನಿಯರ್‌ಗಳಿದ್ದಾರೆ, ಅಂದರೆ ಯಾರೂ ಇಲ್ಲ.

ಡಿಎಲ್‌ಪಿ ಅಂತ ಇನ್ನೊಂದಿದೆ: ದೋಷ ಹೊಣೆಗಾರಿಕೆ ಅವಧಿ. ಅದು ಮುಗಿಯುವ ಮೊದಲು ರಸ್ತೆ ಕಿತ್ತರೆ ಗುತ್ತಿಗೆದಾರ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕು. ಹೀಗಾಗಿ ಕಿತ್ತ ಕೂಡಲೇ ಪಕ್ಕದಲ್ಲಿ ಪೈಪಿನವರೋ ಕೇಬಲಿನವರೋ ಅಗೆದ ಗುರುತು ಹುಡುಕುತ್ತಾರೆ. ಈ ಊರಲ್ಲಿ ಸಿಗದೇ ಇರುತ್ತದೆಯೇ? ಫೋಟೊ, ಒಂದು ಟಿಪ್ಪಣಿ, ‘ಅನ್ಯ ಇಲಾಖೆಯ ಅಗೆತದಿಂದ ಹಾನಿ’. ಮಧ್ಯಾಹ್ನದೊಳಗೆ ಹೊಸ ಎಸ್ಟಿಮೇಟ್ ರೆಡಿ, 40 ಮಿ.ಮೀ. ದಪ್ಪಕ್ಕೆ.