ಒಂದೇ ರಾಗ ಸಾರ್, ಅದಕ್ಕೇ ಹಾಗೆ ಕೇಳಿಸುತ್ತೆ!

ಹೊಸ ಹಾಡು ಬರುತ್ತದೆ. ಇದನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸುತ್ತದೆ. ಬಾಯಿ ಬಿಟ್ಟು ಹಾಗಂದರೆ ಸಾಕು, ಉತ್ತರ ರೆಡಿ ಇರುತ್ತದೆ: 'ಎರಡೂ ಒಂದೇ ರಾಗ ಸಾರ್, ಅದಕ್ಕೇ ಹಾಗೆ ಕೇಳಿಸುತ್ತೆ.' ಈ ಮಾತು ಕೇಳಿ ಕೇಳಿ ನನಗೆ ತಲೆ ಕೆಟ್ಟಿದೆ. ಹೇಳುವವರಲ್ಲಿ ಮುಕ್ಕಾಲು ಜನಕ್ಕೆ ಅದು ಯಾವ ರಾಗ ಅಂತಲೂ ಗೊತ್ತಿರುವುದಿಲ್ಲ. ಪಾಪ, ರಾಗಕ್ಕೆ ಬಾಯಿಲ್ಲ. ಎಲ್ಲ ಕಳ್ಳತನವನ್ನೂ ಅದರ ತಲೆಗೆ ಕಟ್ಟಬಹುದು.

ಸಂಗೀತ ಪಾಠಕ್ಕೆ ಹೋದ ಮಕ್ಕಳು ಶುರುವಿನಲ್ಲೇ ಕಲಿಯುವ 'ವರವೀಣಾ' ಗೀತೆ ಮೋಹನ ರಾಗ. ಆಮೇಲೆ ಕಲಿಯುವ 'ನಿನ್ನು ಕೋರಿ' ವರ್ಣವೂ ಮೋಹನವೇ. ಅವೇ ಐದು ಸ್ವರ. ಆದರೂ ಒಂದನ್ನು ಹಾಡಲು ಹೋಗಿ ಇನ್ನೊಂದನ್ನು ಹಾಡಿದ ಮಗುವನ್ನು ನಾನಂತೂ ನೋಡಿಲ್ಲ. ಗಣಪತಿ ಪೆಂಡಾಲಿನಲ್ಲಿ 'ವಾತಾಪಿ'ಯೂ ಕೇಳುತ್ತದೆ, 'ಗಜವದನಾ ಬೇಡುವೆ'ಯೂ ಕೇಳುತ್ತದೆ. ಎರಡೂ ಹಂಸಧ್ವನಿ. ಒಂದು ಇನ್ನೊಂದರ ಕಾಪಿ ಅಂತ ಯಾರಿಗಾದರೂ ಯಾವತ್ತಾದರೂ ಅನ್ನಿಸಿದೆಯಾ? ಇಲ್ಲ ತಾನೇ? ಹಾಗಾದರೆ ನಿಮ್ಮ ಹಾಡು ಮಾತ್ರ ಯಾಕಪ್ಪಾ ಪಲ್ಲವಿಯಿಂದ ಹಿಡಿದು ಮಧ್ಯದ ಪಿಟೀಲಿನ ತುಣುಕಿನ ತನಕ ಇನ್ನೊಂದರ ಥರ ಇದೆ?

ಬೇಳೆ, ಹುಣಸೆಹಣ್ಣು, ಮೆಣಸಿನಕಾಯಿ ಎಲ್ಲರ ಮನೆಯಲ್ಲೂ ಇರುತ್ತದೆ. ಪಕ್ಕದ ಮನೆ ಒಲೆ ಮೇಲಿದ್ದ ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಬಂದು 'ನಮ್ಮನೇಲೂ ಬೇಳೆ ಇದೆ' ಅಂದರೆ ಏನು ಹೇಳೋಣ?

ನಾನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವವನು. ಗಣೇಶ ಹಬ್ಬ, ರಾಜ್ಯೋತ್ಸವ, ರಿಸೆಪ್ಷನ್ನು, ಇದೇ ನನ್ನ ಬದುಕು. ಹಾಗಾಗಿ ಹಾಡುಗಳು ಒಂದರ ಥರ ಒಂದು ಇರುವುದು ನನಗೆ ಹೊಸದಲ್ಲ. ಸಿ, ಜಿ, ಎ ಮೈನರ್, ಎಫ್. ಈ ನಾಲ್ಕು ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗಳ ಗುಂಪು, ಹಿಡಿದರೆ ಜಗತ್ತಿನ ಅರ್ಧ ಪಾಪ್ ಹಾಡು ನುಡಿಸಬಹುದು. ಆಸ್ಟ್ರೇಲಿಯಾದ ಆಕ್ಸಿಸ್ ಆಫ್ ಆಸಮ್ ಅನ್ನೋ ಹಾಸ್ಯದ ತಂಡ ಇದೇ ನಾಲ್ಕು ಕಾರ್ಡ್ ಮೇಲೆ ಡಜನ್‌ಗಟ್ಟಲೆ ಹಿಟ್ ಹಾಡುಗಳನ್ನು ಸಾಲಾಗಿ ಹಾಡಿ ಜನರನ್ನು ನಗಿಸಿತು. ಅದು ಕಳ್ಳತನವಲ್ಲ. ಕಾರ್ಡ್ ಯಾರಪ್ಪನ ಆಸ್ತಿಯೂ ಅಲ್ಲ, ರಾಗವೂ ಯಾರಪ್ಪನ ಆಸ್ತಿಯಲ್ಲ. ಅದನ್ನು ನಾನೂ ಒಪ್ಪುತ್ತೇನೆ. ಎರಡು ಹಾಡಿನ ತಾಳ ಒಂದೇ ಇದ್ದ ಮಾತ್ರಕ್ಕೆ 'ಕಳ್ಳ ಕಳ್ಳ' ಅಂತ ಕೂಗುವವರನ್ನು ಕಂಡರೂ ನನಗೆ ಆಗುವುದಿಲ್ಲ. ಇವರು ಪ್ರತಿ ಹಾಡಿಗೂ ಕೂಗಿ ಕೂಗಿ, ನಿಜವಾಗಿ ಕದ್ದವನಿಗೆ ಒಳ್ಳೆಯ ಮರೆ ಮಾಡಿಕೊಟ್ಟಿದ್ದಾರೆ.

ಆದರೆ ಹಾಡು ಎಲ್ಲಿ ಉಸಿರು ತಗೊಳ್ಳುತ್ತದೆ, ಎಲ್ಲಿ ಮೇಲೇರುತ್ತದೆ, ಎಲ್ಲಿ ಡ್ರಮ್ ನಿಂತು ಬರೀ ಗಿಟಾರ್ ಉಳಿಯುತ್ತದೆ, ಅದೆಲ್ಲ ಸಾಲು ಸಾಲಾಗಿ ಹೊಂದಿಕೊಂಡರೆ ಯಾವ ರಾಗದ ಮಾತನ್ನು ನಂಬಲಿ? ರಾಗದ ಲಕ್ಷಣದಲ್ಲಿ 'ಎರಡನೇ ಸಾಲಾದ ಮೇಲೆ ಕೊಳಲು ಬರಬೇಕು' ಅಂತ ಬರೆದಿಲ್ಲ.

ಇದು ಶುರುವಾಗುವುದು ಎಲ್ಲಿಂದ ಅಂತ ನನಗೆ ಚೆನ್ನಾಗಿ ಗೊತ್ತು. ಒಂದು ಸಣ್ಣ ಬಜೆಟ್ ಸಿನಿಮಾಕ್ಕೆ ಕೀಬೋರ್ಡ್ ಪ್ರೋಗ್ರಾಮಿಂಗ್ ಮಾಡಿದ್ದೆ. ಹೆಸರು ಬೇಡ, ಬಂದಿದ್ದೂ ಹೋಗಿದ್ದೂ ಯಾರಿಗೂ ಗೊತ್ತಾಗಲಿಲ್ಲ. ನಿರ್ದೇಶಕರು ಮೊದಲ ದಿನವೇ ಮೊಬೈಲ್ ತೆಗೆದು ಒಂದು ಪರಭಾಷೆಯ ಹಾಡು ಹಾಕಿದರು. 'ಇದೇ ಫೀಲ್ ಬೇಕು.' ಸರಿ ಅಂತ ಸಂಗೀತ ನಿರ್ದೇಶಕರು ಅದೇ ಫೀಲಿನಲ್ಲಿ ಚೆಂದದ ಟ್ಯೂನ್ ಮಾಡಿದರು. 'ಚೆನ್ನಾಗಿದೆ, ಆದ್ರೆ ಇನ್ನೂ ಸ್ವಲ್ಪ ಹತ್ರ ಬರ್ಲಿ.' ಇನ್ನೊಂದು ಮಾಡಿದರು. 'ಇನ್ನೂ ಹತ್ರ.' ಅಷ್ಟರಲ್ಲಿ ಎಡಿಟರ್ ಆ ಪರಭಾಷೆಯ ಹಾಡನ್ನೇ ಇಟ್ಟುಕೊಂಡು ದೃಶ್ಯ ಕಟ್ ಮಾಡಿ ಮುಗಿಸಿಬಿಟ್ಟಿದ್ದರು. ಅಂದರೆ ಹಾಡಿನ ವೇಗ ಅದೇ ಇರಬೇಕು, ಉದ್ದ ಅದೇ ಇರಬೇಕು, ಹೀರೋ ತಿರುಗಿ ನೋಡುವ ಜಾಗದಲ್ಲಿ ಅದೇ ಥರದ ಧಡಕ್ ಬೇಕು. ಕೊನೆಗೆ ನಿರ್ದೇಶಕರೇ ಹೇಳಿದರು, 'ಎರಡು ಸ್ವರ ಆಚೆ ಈಚೆ ಮಾಡಿ ಸಾರ್, ಯಾರಿಗೆ ಗೊತ್ತಾಗುತ್ತೆ?'

ಸಂಗೀತ ನಿರ್ದೇಶಕರು ನನ್ನ ಮುಖ ನೋಡಿದರು. ಅವರಿಗೆ ಬರಬೇಕಾದ ದುಡ್ಡು ಇನ್ನೂ ಬಾಕಿ ಇತ್ತು. ಮುಂದೇನಾಯಿತು ಅಂತ ಬಿಡಿಸಿ ಹೇಳಬೇಕಾ?

ಇಂಥ ಹಾಡು ಸಿಕ್ಕಿಬಿದ್ದರೆ ಉಗಿಸಿಕೊಳ್ಳುವುದು ಸಂಗೀತ ನಿರ್ದೇಶಕ ಒಬ್ಬನೇ. ಮೊಬೈಲ್ ತೆಗೆದು ತೋರಿಸಿದ ಮಹಾನುಭಾವ 'ನಂಗೆ ಸಂಗೀತ ಗೊತ್ತಾಗಲ್ಲಪ್ಪ' ಅಂತ ಜಾರಿಕೊಳ್ಳುತ್ತಾನೆ.

ಇದರ ಜೊತೆಗೆ ಸ್ಟುಡಿಯೋಗಳಲ್ಲಿ ಒಂದು ಪುಕಾರು ಬೇರೆ. ಇಷ್ಟು ಸೆಕೆಂಡ್ ತನಕ ತಗೊಂಡರೆ ಕೇಸ್ ಆಗಲ್ಲವಂತೆ. ಒಬ್ಬರು ಏಳು ಅಂತಾರೆ, ಒಬ್ಬರು ಹತ್ತು ಅಂತಾರೆ. ಸ್ವಾಮಿ, 1957ರ ನಮ್ಮ ಕಾಪಿರೈಟ್ ಕಾಯ್ದೆಯಲ್ಲಿ ಅಂಥ ಸೆಕೆಂಡಿನ ಲೆಕ್ಕವೇ ಇಲ್ಲ. 'ನಂಗೆ ಗೊತ್ತಿಲ್ಲದೇ ಬಂದ್ಬಿಡ್ತು' ಅನ್ನುವುದೂ ಎಲ್ಲ ಕಡೆ ನಡೆಯುವುದಿಲ್ಲ. ಬೀಟಲ್ಸ್‌ನ ಜಾರ್ಜ್ ಹ್ಯಾರಿಸನ್ ಹಾಡಿದ 'ಮೈ ಸ್ವೀಟ್ ಲಾರ್ಡ್' ಹಾಡಿಗೂ ಶಿಫಾನ್ಸ್ ತಂಡದ 1963ರ ಒಂದು ಹಾಡಿಗೂ ಟ್ಯೂನ್ ಒಂದೇ ಅಂತ ಅಮೆರಿಕದಲ್ಲಿ ಕೇಸ್ ಆಯಿತು. ಬೇಕಂತ ಕದ್ದಿಲ್ಲ, ಒಳಮನಸ್ಸಿನಿಂದ ಬಂದಿದೆ ಅಂತ ನ್ಯಾಯಾಧೀಶರೇ ಒಪ್ಪಿದರು. ಆದರೂ 1976ರಲ್ಲಿ ತೀರ್ಪು ಹ್ಯಾರಿಸನ್ ವಿರುದ್ಧವೇ ಬಂತು.

ಹಾಗಂತ ಅಮೆರಿಕದವರು ಮಾಡಿದ್ದೆಲ್ಲ ಸರಿ ಅಂತಲೂ ಅಲ್ಲ. 'ಬ್ಲರ್ಡ್ ಲೈನ್ಸ್' ಹಾಡು ಅಮೆರಿಕದ ಗಾಯಕ ಮಾರ್ವಿನ್ ಗೇ ಅವರ 1977ರ ಹಾಡಿನ ಥರ ಇದೆ ಅಂತ 2015ರಲ್ಲಿ ಜ್ಯೂರಿ 70 ಲಕ್ಷ ಡಾಲರಿಗೂ ಜಾಸ್ತಿ ಪರಿಹಾರ ಕೊಡಬೇಕು ಅಂದಿತು. ಆಮೇಲೆ ಅದನ್ನು ಕಡಿಮೆ ಮಾಡಿದರು, ಅದು ಬೇರೆ ಮಾತು. ಆ ಎರಡೂ ಹಾಡು ನುಡಿಸಿ ನೋಡಿದ್ದೇನೆ. ಗುಂಗು ಒಂದೇ, ಟ್ಯೂನ್ ಬೇರೆ. ಗುಂಗಿಗೂ ಬೇಲಿ ಹಾಕಿದರೆ ನಾಳೆ ಯಾರೂ ಹಾಡು ಕಟ್ಟುವ ಹಾಗಿಲ್ಲ. ಇಂಗ್ಲೆಂಡಿನ ಗಾಯಕ ಎಡ್ ಶೀರನ್ ಮೇಲೂ ಅದೇ ಮಾರ್ವಿನ್ ಗೇ ಅವರ ಇನ್ನೊಂದು ಹಾಡಿನ ಹೆಸರಲ್ಲಿ ಕೇಸ್ ಬಿತ್ತು. ಆತ ಕೋರ್ಟಿನಲ್ಲಿ ಗಿಟಾರ್ ನುಡಿಸಿಯೇ ತೋರಿಸಿದ, ಇವು ಎಲ್ಲರೂ ಬಳಸುವ ಕಾರ್ಡ್‌ಗಳು ಅಂತ. 2023ರಲ್ಲಿ ಗೆದ್ದ. ಸರಿಯಾಗೇ ಗೆದ್ದ. 'ಎಲ್ಲರದ್ದೂ' ಅನ್ನುವವರು ಹೀಗೆ ತೋರಿಸಬೇಕು. ನಮ್ಮಲ್ಲಿ ಬರೀ ಬಾಯಲ್ಲಿ ಹೇಳುತ್ತಾರೆ.

ನಮ್ಮ ದೇಶದಲ್ಲಿ ರಾಗದ ಜಗಳ ಕೋರ್ಟ್ ತನಕ ಹೋಗಿದ್ದೂ ಇದೆ. ಎ.ಆರ್. ರೆಹಮಾನ್ ಅವರ 'ವೀರ ರಾಜ ವೀರ' ಹಾಡು ತಮ್ಮ ಮನೆಯ 'ಶಿವಸ್ತುತಿ'ಯಿಂದ ಬಂದಿದೆ ಅಂತ ಹಿಂದೂಸ್ತಾನಿ ಹಾಡುಗಾರರಾದ ಡಾಗರ್ ಮನೆತನದವರು ದೆಹಲಿ ಹೈಕೋರ್ಟಿಗೆ ಹೋದರು. ರಾಗ ಅಡಾಣಾ, ಶೈಲಿ ಧ್ರುಪದ್, ಎರಡೂ ಎಲ್ಲರದ್ದು ಅನ್ನುವುದು ಎದುರು ಕಡೆಯ ವಾದ. 2025ರ ಏಪ್ರಿಲ್‌ನಲ್ಲಿ ಡಾಗರ್ ಸಹೋದರರ ಹೆಸರು ಹಾಕಿ, 2 ಕೋಟಿ ಠೇವಣಿ ಇಡಿ ಅಂತ ಆದೇಶ ಬಂತು. ಸೆಪ್ಟೆಂಬರ್‌ನಲ್ಲಿ ವಿಭಾಗೀಯ ಪೀಠ ಅದನ್ನು ರದ್ದು ಮಾಡಿತು. ಎಷ್ಟು ಸೂಕ್ಷ್ಮದ ವಿಷಯ ನೋಡಿ. ನ್ಯಾಯಾಧೀಶರೇ ಎರಡು ಥರ ಹೇಳುತ್ತಾರೆ. ನಮ್ಮ ಅಭಿಮಾನಿಗಳಿಗೆ ಮಾತ್ರ ಟೀಸರ್ ಬಂದ ಅರ್ಧ ಗಂಟೆಯಲ್ಲಿ ಎಲ್ಲ ಗೊತ್ತಾಗಿರುತ್ತದೆ.

ಅಭಿಮಾನಿಗಳ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. 2022ರಲ್ಲಿ 'ಕಾಂತಾರ'ದ 'ವರಾಹ ರೂಪಂ' ಮೇಲೆ ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡದವರು, ಇದು ನಮ್ಮ 'ನವರಸಂ' ಅಂದರು. ಚಿತ್ರತಂಡ ಇಲ್ಲ ಅಂದಿತು. ಕೋರ್ಟ್ ತಡೆ ಕೊಟ್ಟಿತು, ಒಟಿಟಿಯಲ್ಲಿ ಹಾಡು ಬೇರೆ ಟ್ಯೂನಿನಲ್ಲಿ ಬಂತು, ಆಮೇಲೆ ತಡೆ ಹೋಗಿ ಮೊದಲಿನ ಹಾಡೇ ವಾಪಸ್ ಬಂತು. ತಡೆ ಹೋಗಿದ್ದು ಕೇಸ್ ಯಾವ ಕೋರ್ಟಿನಲ್ಲಿ ಹಾಕಬೇಕಿತ್ತು ಅನ್ನುವ ಕಾರಣಕ್ಕೆ, ಟ್ಯೂನಿನ ಬಗ್ಗೆ ಆಗ ತೀರ್ಮಾನ ಆಗಲಿಲ್ಲ. ನಾನು ಇಲ್ಲಿ ತೀರ್ಪು ಕೊಡಲು ಕೂತಿಲ್ಲ. ನನ್ನ ಸಿಟ್ಟು ಆಗ ನಡೆದ ಕೂಗಾಟದ ಮೇಲೆ. ಎರಡೂ ಹಾಡನ್ನು ಪೂರ್ತಿ ಕೇಳದವರು ಈ ಕಡೆಯಿಂದ ಕನ್ನಡದ ಮಾನ ಅಂದರು, ಆ ಕಡೆಯಿಂದ ಮಲಯಾಳದ ಮಾನ ಅಂದರು. ನಾಳೆ ನಮ್ಮ ಟ್ಯೂನ್ ಇನ್ನೊಂದು ಭಾಷೆಯಲ್ಲಿ ಕೇಳಿಸಲಿ, ಇವರೇ 'ಕಾಪಿ ಕ್ಯಾಟ್' ಅಂತ ಕುಣಿಯುತ್ತಾರೆ. ಆಗ ರಾಗದ ಮಾತು ಒಬ್ಬರ ಬಾಯಲ್ಲೂ ಬರುವುದಿಲ್ಲ. 'ಗೀತಾ' ಸಿನಿಮಾದ 'ಜೊತೆಯಲಿ ಜೊತೆಜೊತೆಯಲಿ'ಯನ್ನು ಹಿಂದಿಯವರು 'ಚೀನಿ ಕಮ್'ಗೆ ಕದ್ದರು ಅಂತ ನನ್ನ ಹತ್ತಿರವೇ ಒಬ್ಬ ವಾದಕ್ಕೆ ಬಂದಿದ್ದ. ಅಯ್ಯಾ, ಎರಡಕ್ಕೂ ಸಂಗೀತ ಇಳಯರಾಜ ಅವರದ್ದೇ. ತಮ್ಮ ಟ್ಯೂನನ್ನು ತಾವೇ ಇನ್ನೊಮ್ಮೆ ಬಳಸಿದ್ದಾರೆ, ನಿನಗೇನು ಕಷ್ಟ?

ಕದ್ದವರಿಂದ ದುಡ್ಡು ಹೊರಡಿಸುವುದು ಆಗದ ಮಾತೇನೂ ಅಲ್ಲ. 2008ರಲ್ಲಿ ರಾಮ್ ಸಂಪತ್ ಅನ್ನುವ ಸಂಗೀತಗಾರ ತಾನು ಒಂದು ಮೊಬೈಲ್ ಜಾಹೀರಾತಿಗೆ ಮಾಡಿದ ಟ್ಯೂನ್ 'ಕ್ರೇಜಿ 4' ಸಿನಿಮಾದಲ್ಲಿದೆ ಅಂತ ಬಾಂಬೆ ಹೈಕೋರ್ಟಿಗೆ ಹೋದರು. ಬಿಡುಗಡೆ ತಲೆ ಮೇಲೆ ಕೂತಿತ್ತು, ಕೋರ್ಟ್ ತಡೆ ಕೊಟ್ಟಿತು. ಕೊನೆಗೆ 2 ಕೋಟಿ ಕೊಟ್ಟು ರಾಜಿ ಮಾಡಿಕೊಂಡರು. ಆದರೆ ಎಷ್ಟು ಜನಕ್ಕೆ ಹೈಕೋರ್ಟಿಗೆ ಹೋಗುವ ಶಕ್ತಿ ಇದೆ? ಹಳ್ಳಿಯಲ್ಲಿ ಪದ ಹಾಡುವ ಅಜ್ಜಿಯ ಟ್ಯೂನ್ ಎತ್ತಿ 'ಜಾನಪದ' ಅಂತ ಒಂದೇ ಪದ ಹಾಕಿ ಕೈ ತೊಳೆದುಕೊಳ್ಳುತ್ತಾರಲ್ಲ, ಆ ಅಜ್ಜಿ ಯಾವ ಕೋರ್ಟಿಗೆ ಹೋಗಬೇಕು?

ಹೊರಗಡೆ ಸಿಕ್ಕಿಬಿದ್ದಾಗಲಾದರೂ ಹೆಸರು ಸೇರಿಸುತ್ತಾರೆ. 'ಅಪ್‌ಟೌನ್ ಫಂಕ್' ಅನ್ನೋ ಹಾಡು ಕಟ್ಟಿದವರ ಪಟ್ಟಿಗೆ 2015ರಲ್ಲಿ ಗ್ಯಾಪ್ ಬ್ಯಾಂಡ್‌ನವರ ಹೆಸರು ಸೇರಿತು. 2021ರಲ್ಲಿ ಗಾಯಕಿ ಒಲಿವಿಯಾ ರೊಡ್ರಿಗೊ ತನ್ನ ಹಾಡಿಗೆ ಪ್ಯಾರಾಮೋರ್ ತಂಡದವರ ಹೆಸರು ಹಾಕಿದಳು. ಹೆಸರಿನ ಜೊತೆ ರಾಯಲ್ಟಿಯ ಪಾಲೂ ಹೋಗುತ್ತದೆ, ಹಾಗಾಗಿ ಯಾರೂ ಸುಮ್ನೆ ಪ್ರೀತಿಗೆ ಹಾಕುವುದಿಲ್ಲ. ಗೊತ್ತು. ಆದರೂ ಹಾಕಿದರು. ಅದರಿಂದ ಆ ಹಾಡುಗಳನ್ನು ಯಾರೂ ಕೇಳುವುದು ಬಿಟ್ಟಿಲ್ಲ. ನಮ್ಮವರು ಟೈಟಲ್ ಕಾರ್ಡಿನಲ್ಲಿ ಪಾರ್ಕಿಂಗ್ ಜಾಗ ಕೊಟ್ಟವರಿಗೂ ಥ್ಯಾಂಕ್ಸ್ ಹೇಳುತ್ತಾರೆ. ಟ್ಯೂನ್ ಕೊಟ್ಟವನ ಹೆಸರು ಹಾಕಲು ಮಾತ್ರ ಜಾಗ ಇಲ್ಲ.

ಇನ್ನು ಮೇಲೆ ಯಾರಾದರೂ 'ಒಂದೇ ರಾಗ ಸಾರ್' ಅಂದರೆ ನಾನು ಜಗಳ ಆಡುವುದಿಲ್ಲ. ಯಾವ ರಾಗ ಅಂತ ಕೇಳುತ್ತೇನೆ. ಹೆಸರು ಹೇಳಿದರೆ ಶ್ರುತಿ ಹಾಕುತ್ತೇನೆ. ಆರೋಹಣ, ಅವರೋಹಣ ಹಾಡಲಿ. ಆಮೇಲೆ ಅದೇ ರಾಗದಲ್ಲಿ ಇನ್ನೊಂದು ಹಾಡು ಹಾಡಲಿ, ಇವೆರಡನ್ನೂ ಬಿಟ್ಟು ಮೂರನೆಯದು.