ಕಾರ್ಬನ್ ಬ್ಲೇಡಿಗೆ ಇಷ್ಟು ಅವಸರ ಬೇಡ

ಟೇಬಲ್ ಟೆನಿಸ್‌ನಲ್ಲಿ ಮಧ್ಯಮ ಹಂತಕ್ಕೆ ಬಂದ ಕೂಡಲೇ ಬ್ಯಾಟಿಗೆ ಕಾರ್ಬನ್ ಬ್ಲೇಡ್ (ಕಾರ್ಬನ್ ಪದರ ಸೇರಿಸಿದ ಮರದ ಹಲಗೆ), ಅದರ ಮೇಲೆ ಅಂಟಿಸಲು ದಪ್ಪ ಸ್ಪಾಂಜಿನ ರಬ್ಬರ್ ತೆಗೆದುಕೊಳ್ಳಿ ಅಂತ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ನಾನೂ ಹಾಗೇ ಮಾಡಿದ್ದೆ. ಡ್ರೈವ್ (ವೇಗದ ನೇರ ಹೊಡೆತ) ಜೋರಾಯಿತು ನಿಜ, ಆದರೆ ನೆಟ್ ಹತ್ತಿರದ ಸಣ್ಣ ಪುಶ್ (ಚೆಂಡನ್ನು ಮೆಲ್ಲಗೆ ತಳ್ಳುವ ಹೊಡೆತ) ಪ್ರತಿ ಸಲ ಮೇಲೆದ್ದು ಎದುರಿನವರ ಸ್ಮ್ಯಾಶ್‌ಗೆ ಸಿಗುತ್ತಿತ್ತು. ಚೆಂಡು ಆಚೆ ಹೋಗುತ್ತದೆಂಬ ಭಯಕ್ಕೆ ಕೈಯನ್ನು ಅರ್ಧಕ್ಕೇ ನಿಲ್ಲಿಸುವುದು ಅಭ್ಯಾಸವಾಯಿತು. ಅದನ್ನು ಬಿಡಿಸಿಕೊಳ್ಳಲು ತಿಂಗಳುಗಳೇ ಬೇಕಾದವು.

ಈಗ 5 ಪದರದ ಪೂರ್ತಿ ಮರದ ಬ್ಲೇಡ್, ಫೋರ್‌ಹ್ಯಾಂಡ್‌ಗೆ 2.0 ಮಿ.ಮೀ., ಬ್ಯಾಕ್‌ಹ್ಯಾಂಡ್‌ಗೆ 1.8 ಮಿ.ಮೀ. ಸ್ಪಾಂಜ್. ಕೈ ಪೂರ್ತಿ ಬೀಸಿ ಲೂಪ್ (ಚೆಂಡನ್ನು ಮುಂದಕ್ಕೆ ತಿರುಗಿಸುವ ಹೊಡೆತ) ಹೊಡೆದರೂ ಚೆಂಡು ಟೇಬಲ್ ಮೇಲೇ ಬೀಳುತ್ತದೆ. ವೇಗ ಸಾಲದಿದ್ದರೆ ಮೊದಲು ಒಂದು ಕಡೆಯ ರಬ್ಬರ್ ಮಾತ್ರ ಬದಲಿಸಿ. ಸುಮ್ನೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಹೊಡೆತ ಕೆಟ್ಟಿದ್ದು ಯಾವುದರಿಂದ ಅಂತ ಗೊತ್ತಾಗುವುದು ಹೇಗೆ?