ಈರಿ ಸರೋವರ ದಾಟಿ ಕೆನಡಾಗೆ ಹೋಗುವವರು ದಯವಿಟ್ಟು ಓದಿ

'ಅಮೆರಿಕದ ಓಹಾಯೋದಿಂದ ಸ್ವಂತ ಬೋಟ್‌ನಲ್ಲಿ ಕೆನಡಾದ ಪೀಲೀ ದ್ವೀಪಕ್ಕೆ ಹೋಗಿ ಅದೇ ದಿನ ವಾಪಸ್ ಬಂದರೆ ವೀಸಾ ಬೇಡ, ಯಾರಿಗೂ ಹೇಳೋದೂ ಬೇಡ' ಅಂತ ಒಂದು ಮೆಸೇಜ್ ಓಡಾಡುತ್ತಿದೆ. ನಾನೂ ಅದನ್ನು ಎರಡು ಗ್ರೂಪಿಗೆ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಅದರಲ್ಲಿ ಅರ್ಧ ನಿಜ ಇದೆ. ಕೆನಡಾದ ನೀರಿಗೆ ಹೋಗಿ, ಎಲ್ಲೂ ಇಳಿಯದೆ, ಲಂಗರು ಹಾಕದೆ, ಬೇರೆ ಬೋಟ್‌ನ ಸಂಪರ್ಕಕ್ಕೆ ಬರದೆ ಹಾಗೇ ತಿರುಗಿ ಬಂದರೆ ಕೆನಡಾಗೆ ವರದಿ ಮಾಡಬೇಕಿಲ್ಲ. ಕಾನೂನು 2017ರಲ್ಲಿ ಹಾಗೆ ಬದಲಾಯಿತು. ಆದರೆ ಪೀಲೀಯಲ್ಲಿ ಬೋಟ್ ಕಟ್ಟಿದ ಕೂಡಲೇ ಮಾತೇ ಬೇರೆ. ಬೋಟ್ ನಡೆಸುವವರು ಕೆನಡಾದ ಗಡಿ ಇಲಾಖೆಗೆ, 1-888-226-7277ಕ್ಕೆ ಫೋನ್ ಮಾಡಬೇಕು. ಅನುಮತಿ ಸಿಗುವವರೆಗೆ ಉಳಿದವರು ಕೆಳಗಿಳಿಯುವ ಹಾಗಿಲ್ಲ, ಮಕ್ಕಳೂ ಅಷ್ಟೇ. ಅವರು ಕೊಡುವ ವರದಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ವೀಸಾ ವಿಷಯ ಇನ್ನೂ ಮುಖ್ಯ. ಭಾರತದ ಪಾಸ್‌ಪೋರ್ಟ್ ಇದ್ದು ಅಮೆರಿಕದಲ್ಲಿ ಎಚ್-1ಬಿ ಕೆಲಸದ ವೀಸಾದಲ್ಲಿ ಇರುವವರಿಗೆ ಕೆನಡಾ ವೀಸಾ ಬೇಕೇ ಬೇಕು. ಊರಿಂದ ಬಂದ ಅಪ್ಪ-ಅಮ್ಮನಿಗೂ ಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ಕಾರ್ಡ್ ಜೊತೆ ಚಾಲ್ತಿಯಲ್ಲಿರುವ ಪಾಸ್‌ಪೋರ್ಟ್ ಇದ್ದರೆ ಸಾಕು.

ವಾಪಸ್ ಬಂದಾಗ ಅಮೆರಿಕದ ಗಡಿ ಇಲಾಖೆಗೂ ತಕ್ಷಣ ತಿಳಿಸಬೇಕು, ಅದಕ್ಕೆ ಅವರದೇ 'ರೋಮ್' ಆ್ಯಪ್ ಇದೆ. ತಿಳಿಸದಿದ್ದರೆ ಮೊದಲ ಸಲವೇ 5,000 ಡಾಲರ್ ದಂಡ ಬೀಳಬಹುದು, ಬೋಟೂ ಜಪ್ತಿಯಾಗಬಹುದು.

ಆ ಮೆಸೇಜನ್ನು ಇನ್ನು ಯಾರಿಗೂ ಕಳಿಸಬೇಡಿ. ಈಗಾಗಲೇ ಕಳಿಸಿದ್ದರೆ ಅದೇ ಗ್ರೂಪಿಗೆ ಇದನ್ನೂ ಹಾಕಿ.